ಕ್ಯಾಂಡಿಯಲ್ಲಿ ರೇಣುಕಾ ಎರಡೂ ಕಾಲು ಹಾಕಿದ್ದು

ಪುಣೆ

ನನ್ನನ್ನು ಫುಟ್‌ಬಾಲ್ ತಂಡದ ಮ್ಯಾನೇಜರ್ ಮಾಡಿದ್ದು ನನ್ನ ವಿದ್ಯೆಯಲ್ಲ, ನನ್ನ ಪಾಸ್‌ಪೋರ್ಟು.

ಪುಣೆಯ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಫುಟ್‌ಬಾಲಿನ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ ಸಂಗತಿ: ಗೋಲ್ ಆದಾಗ ಚಪ್ಪಾಳೆ ತಟ್ಟಬೇಕು, ಆದರೆ ಅದು ನಮ್ಮದೋ ಅವರದೋ ಎಂದು ಪಕ್ಕದವರನ್ನು ಕೇಳಿಕೊಂಡು ತಟ್ಟಬೇಕು. ಇಂಥವಳನ್ನು ಒಂದು ದಿನ ಪ್ರಿನ್ಸಿಪಾಲರು ಕರೆಸಿ, ಬಹಳ ಪ್ರೀತಿಯಿಂದ, "ಮ್ಯಾಡಮ್, ತುಮಚ್ಯಾಕಡೆ ಪಾಸ್‌ಪೋರ್ಟ್ ಆಹೆ ನಾ?" ಎಂದು ಕೇಳಿದರು. ಪಾಸ್‌ಪೋರ್ಟು ಇದೆ ಎಂದೆ. ಇದೆ ಎಂದದ್ದೇ ತಡ, ನಾನು ಮ್ಯಾನೇಜರ್ ಆಗಿಬಿಟ್ಟೆ.

ವಿಷಯ ಏನೆಂದರೆ, ಶ್ರೀಲಂಕಾದ ಕ್ಯಾಂಡಿಯಲ್ಲಿ ಒಂದು ಕಾಲೇಜು ತನ್ನ ಹುಟ್ಟುಹಬ್ಬಕ್ಕೆ ಹೆಣ್ಣುಮಕ್ಕಳ ಫುಟ್‌ಬಾಲ್ ಪಂದ್ಯಾಟ ಇಟ್ಟುಕೊಂಡಿತ್ತು. ಇದು ಎರಡು ಸಾವಿರದ ಇಸವಿಯ ಈಚಿನ ಮಾತು. ಅಲ್ಲಿ ಯುದ್ಧಕ್ಕೆ ಒಂದಿಷ್ಟು ಬಿಡುವು ಸಿಕ್ಕಿತ್ತು, ನೆರೆಹೊರೆಯವರನ್ನು ಕರೆಯುವ ಹುರುಪು ಬಂದಿತ್ತು. ಢಾಕಾದಿಂದ ಒಂದು ತಂಡ, ಕಾಠ್ಮಂಡುವಿನಿಂದ ಒಂದು, ಪುಣೆಯಿಂದ ನಾವು. ನಮ್ಮ ಕೋಚ್ ಶಿಂದೆ ಸರ್ ಗಂಡಸು. ಹುಡುಗಿಯರ ಜೊತೆ ಒಬ್ಬ ಹೆಂಗಸು ಇರಲೇಬೇಕೆಂದು ನಿಯಮ. ಇದ್ದ ಒಬ್ಬ ಕ್ರೀಡಾ ಮೇಡಂ ಬಾಣಂತಿ. ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿ ಅಂಗಡಿ ಇಟ್ಟಿದ್ದ ನನ್ನ ಯಜಮಾನರು ಹಿಂದೊಮ್ಮೆ ದುಬೈ ತೋರಿಸುತ್ತೇನೆಂದು ನನಗೆ ಪಾಸ್‌ಪೋರ್ಟು ಮಾಡಿಸಿದ್ದರು. ಆಮೇಲೆ ಮೆಣಸಿನಕಾಯಿ ವ್ಯಾಪಾರಿಗಳೆಲ್ಲ ಸೇರಿ ಹೆಂಡಂದಿರನ್ನು ಬಿಟ್ಟು ದುಬೈ ನೋಡಿಬಂದರು. ನನ್ನ ಪಾಸ್‌ಪೋರ್ಟು ಕಪಾಟಿನಲ್ಲಿ ರೇಷ್ಮೆ ಸೀರೆಗಳ ನಡುವೆ ನುಸಿಗುಳಿಗೆಯ ವಾಸನೆ ಕುಡಿಯುತ್ತ ಬಿದ್ದಿತ್ತು.

ಮನೆಯಲ್ಲಿ ಸುದ್ದಿ ಹೇಳಿದಾಗ ವಿಜಾಪುರದವರಾದ ನಮ್ಮ ಅತ್ತೆ ಒಂದೇ ಪ್ರಶ್ನೆ ಕೇಳಿದರು. "ಚೆಂಡ ಒದೀಲಿಕ್ಕೆ ಸಮುದ್ರ ದಾಟಿ ಹೋಗಬೇಕೇನವಾ? ಪುಣಾದಾಗ ಜಾಗಾ ಇಲ್ಲೇನು?"

ನಾನು ಕಪಾಟು ತೆಗೆದು ಪಾಸ್‌ಪೋರ್ಟು ಹುಡುಕತೊಡಗಿದೆ.

ದೌಂಡ

ಪುಣೆಯಿಂದ ಚೆನ್ನೈವರೆಗೆ ರೈಲು, ಅಲ್ಲಿಂದ ವಿಮಾನ. ರೈಲು ಹೊರಟ ಸ್ವಲ್ಪ ಹೊತ್ತಿಗೇ ಹುಡುಗಿಯರು ಬೋಗಿಯ ನಡುದಾರಿಯಲ್ಲಿ ಚೆಂಡು ಉರುಳಿಸತೊಡಗಿದರು. ಒಬ್ಬ ಅಜ್ಜನ ಟೀ ಚೆಲ್ಲಿತು. ನಾನು ಮ್ಯಾನೇಜರ್ ಎಂಬುದು ನೆನಪಾಗಿ, ಮರಾಠಿಯಲ್ಲಿ ಒಂದಿಷ್ಟು ಜೋರು ಮಾಡಿದೆ. ಎಲ್ಲರೂ ತಲೆ ತಗ್ಗಿಸಿದರು. ಒಬ್ಬಳು ಮಾತ್ರ ಕಿಟಕಿಯ ಕಡೆ ಮುಖ ಮಾಡಿ ಗೊಣಗಿದಳು.

"ಈ ಮೇಡಂಗ ಚೆಂಡಂದ್ರ ಏನಂತ ಗೊತ್ತದೇನು? ಸುಮ್ನ ಒದರಾಕತ್ಯಾಳ."

"ಗೊತ್ತಿಲ್ಲವಾ, ನೀ ಕಲಸು," ಎಂದೆ ನಾನೂ ಕನ್ನಡದಲ್ಲಿ.

ಹುಡುಗಿಯ ಬಾಯಿ ತೆರೆದಂತೆಯೇ ನಿಂತಿತು. "ಅಯ್ಯ, ನಿಮಗ ಕನ್ನಡಾ ಬರ್ತದೇನ್ರಿ? ಪಾಟೀಲ್ ಮೇಡಂ ಅಂದ್ರ ಮರಾಠಿ ಮಂದಿ ಅಂದ್ಕೊಂಡಿದ್ನಿರಿ!"

ಪಾಟೀಲ ಎಂಬ ಅಡ್ಡಹೆಸರಿನಿಂದ ಗಡಿಯ ಎರಡೂ ಕಡೆ ಬದುಕುವ ಅನುಕೂಲ ನನಗೆ ಮೊದಲಿನಿಂದ ಇತ್ತು. ಹುಡುಗಿಯ ಹೆಸರು ರೇಣುಕಾ. ಯಾದಗಿರಿ ಕಡೆಯವರು. ಅಪ್ಪ ಅವ್ವ ಯೆರವಡಾದಲ್ಲಿ ಕಟ್ಟಡದ ಕೆಲಸಕ್ಕೆ ಬಂದು ಅಲ್ಲೇ ಉಳಿದವರು. ತಂಡದಲ್ಲಿ ಅವಳ ಕೆಲಸ ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವುದು. ಅದರಲ್ಲಿ ಅವಳ ವಿಶೇಷವೆಂದರೆ ನೆಲದ ಮೇಲೆ ಜಾರುತ್ತ ಹೋಗಿ ಎದುರಾಳಿಯ ಕಾಲಿನಿಂದ ಚೆಂಡು ಕಿತ್ತುಕೊಳ್ಳುವುದು. ಇದಕ್ಕೆ ಟ್ಯಾಕಲ್ ಎನ್ನುತ್ತಾರೆಂದು ಅವಳೇ ನನಗೆ ಕಲಿಸಿದಳು. ಕಲಿತದ್ದೆಲ್ಲಿ ಎಂದು ಕೇಳಿದೆ.

"ಜೈಲಿನ ಗ್ವಾಡಿ ಬಾಜೂಕ್ರಿ. ನಮ್ಮ ಆಟದ ಜಾಗಾ ಅಲ್ಲೇ ಅದ. ಚೆಂಡ ಗ್ವಾಡಿ ಹಾರಿ ಒಳಗ ಬಿತ್ತಂದ್ರ ಮುಗೀತು, ಅದಕ್ಕ ಜನ್ಮಠೇಪ, ಜೀವಾವಧಿ ಶಿಕ್ಷಾ. ತಿರುಗಿ ಬರಂಗಿಲ್ಲ. ಅದಕ್ಕ ಹೆಂಗರ ಮಾಡಿ ಮೊದಲ ತಡೀಬೇಕ್ರಿ."

ದೌಂಡ ನಿಲ್ದಾಣದಲ್ಲಿ ಅವಳ ಅಕ್ಕ ಮತ್ತು ಭಾವ ಭೀಮಣ್ಣ ಬುತ್ತಿ ಹಿಡಿದು ನಿಂತಿದ್ದರು. ಭೀಮಣ್ಣ ರೈಲು ಹಳಿಯ ಮೇಲೆ ಗ್ಯಾಂಗ್‌ಮನ್. ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಕಿಟಕಿಯೊಳಗೆ ತುರುಕಿ, ನನ್ನನ್ನು ಬಾಗಿಲ ಹತ್ತಿರ ಕರೆದ.

"ಮೇಡಂ, ರೇಲ್ವೇದಾಗ ಹೆಣ್ಮಕ್ಕಳ ಟೀಮ್ ಕಟ್ಟಾಕತ್ಯಾರ್ರಿ. ನಮ್ಮ ಸಾಹೇಬ್ರು ಅಂದಾರ, ಹೊರದೇಶದಾಗ ಆಡಿದ್ದು ಕಾಲೇಜಿನೋರು ಬರದು ಕೊಟ್ರ ಇಕಿನ್ನ ಟ್ರಾಯಲ್‌ಕ ಕರೀತಾರಂತ. ನೌಕರಿ ಸಿಗ್ತದ್ರಿ. ಇಕಿ ಸಿಟ್ಟು ಭಾಳ ಅದ. ಸ್ವಲ್ಪ ಹಿಡದ ಇಟ್ಕೋರಿ."

"ಹಿಡೀತೀನಿ ಬಿಡ್ರಿ," ಎಂದೆ. ಹೇಗೆ ಎಂದು ನನಗೆ ತಿಳಿದಿರಲಿಲ್ಲ. ಆದರೆ ರೈಲು ಹೊರಡುವಾಗ ಎಲ್ಲರೂ ಎಲ್ಲದಕ್ಕೂ ಹೂಂ ಅನ್ನುತ್ತಾರೆ.

ಕೊಲಂಬೊ

ಪರದೇಶವೆಂದರೆ ಅಲ್ಲಿ ನಮಗೆ ಏನೂ ಅರ್ಥವಾಗಬಾರದು ಎಂಬುದು ನನ್ನ ಕಲ್ಪನೆ. ಕೊಲಂಬೊ ಇದನ್ನು ಬಂದಿಳಿದ ಕೂಡಲೇ ಹಾಳುಮಾಡಿತು. ನಮ್ಮ ಸಾಮಾನಿನ ಗಾಡಿ ಕಾಲಿಗೆ ತಾಗಿದಾಗ ವಿಮಾನ ನಿಲ್ದಾಣದ ಹೆಂಗಸು "ಅಯ್ಯೋ" ಎಂದಳು. ಬಸ್ಸಿನಲ್ಲಿ ಒಬ್ಬ ಹುಡುಗಿ ಇನ್ನೊಬ್ಬಳನ್ನು "ಅಕ್ಕಾ" ಎಂದು ಕರೆದಳು. ಸಮುದ್ರ ದಾಟಿ ಬಂದದ್ದಕ್ಕೆ ಏನಾದರೂ ವ್ಯತ್ಯಾಸ ಬೇಡವೇ ಎಂದು ನನಗೆ ಸಣ್ಣ ಅಸಮಾಧಾನವಾಯಿತು.

ವ್ಯತ್ಯಾಸ ಊಟದಲ್ಲಿ ಸಿಕ್ಕಿತು. ಬೆಳಗಿನ ತಿಂಡಿಗೆ ಕುಳಿತಾಗ ಹೋಟೆಲಿನವನು ನನ್ನ ಹತ್ತಿರ ಬಂದು, ನಗುನಗುತ್ತ, "ಆಪ್ಪ?" ಎಂದ.

ಮೊದಲ ಭೇಟಿಯಲ್ಲೇ ಇಷ್ಟು ಆತ್ಮೀಯತೆ ನಮ್ಮ ಪುಣೆಯಲ್ಲಿ ಸಿಗುವುದಿಲ್ಲ. ಪುಣೆಯ ಹೋಟೆಲಿನಲ್ಲಿ ಮಾಣಿ ನಮ್ಮನ್ನು ನೋಡುವ ರೀತಿಯಲ್ಲೇ 'ನೀವು ಯಾಕೆ ಬಂದಿರಿ' ಎಂಬ ಪ್ರಶ್ನೆ ಇರುತ್ತದೆ. ನಾನು ಕರಗಿಹೋಗಿ, "ನಮ್ಮ ಅಪ್ಪ ತೀರಿಹೋಗಿ ಬಹಳ ವರ್ಷವಾಯಿತು" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವನು ಗಾಬರಿಯಾಗಿ, ಕೈಯಲ್ಲಿದ್ದ ತಟ್ಟೆ ತೋರಿಸಿದ. ಬಟ್ಟಲಿನ ಆಕಾರದ ಒಂದು ದೋಸೆ. ಅದರ ಹೆಸರು ಆಪ್ಪ. ಆದರೂ ಅವನು ಒಳ್ಳೆಯವನು, ಸಂತಾಪ ಸೂಚಿಸಿಯೇ ಬಡಿಸಿದ.

ನಾನು ಶುದ್ಧ ಸಸ್ಯಾಹಾರಿ. ಆಪ್ಪದ ಜೊತೆಗಿದ್ದ ಕೆಂಪು ಕೊಬ್ಬರಿ ಚಟ್ನಿ ಬಹಳ ಹಿಡಿಸಿ ಮೂರು ಸಲ ಹಾಕಿಸಿಕೊಂಡೆ. ಅದರಲ್ಲಿ ಒಣಮೀನಿನ ಪುಡಿ ಇದೆಯೆಂದು ಶಿಂದೆ ಸರ್ ಹೇಳಿದ್ದು ನಾನು ಬೆರಳು ನೆಕ್ಕಿದ ಮೇಲೆ. ಅದು ಇರುವುದು ಅವರಿಗೆ ಮೊದಲೇ ಗೊತ್ತಿತ್ತಂತೆ. ಇಷ್ಟು ಖುಷಿಯಾಗಿ ತಿನ್ನುವವರನ್ನು ತಡೆಯಲು ಮನಸ್ಸಾಗಲಿಲ್ಲವಂತೆ. ಅಂದಿನಿಂದ ನಾನು ಪುಣೆಯಿಂದ ತಂದ ಬಾಕರವಡಿ ಎಂಬ ಸುರುಳಿ ಕುರುಕಲು ತಿಂಡಿಯ ಪೊಟ್ಟಣಗಳ ಮೇಲೆಯೇ ಬದುಕಿದೆ.

ಕ್ಯಾಂಡಿಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟು ಭಿಕ್ಷುಗಳಿಗೆ ಮೀಸಲು. ದಾರಿಯಲ್ಲಿ ಒಬ್ಬ ಎಳೆಯ ಭಿಕ್ಷು ಹತ್ತಿದ ಕೂಡಲೇ ಅಲ್ಲಿದ್ದ ಗಟ್ಟಿಮುಟ್ಟಾದ ಗಂಡಸು ತಟ್ಟನೆ ಎದ್ದ. ಪುಣೆಯ ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕುಳಿತ ಗಂಡಸಿಗೆ ಹೆಂಗಸು ಹತ್ತಿದ ಕ್ಷಣವೇ ಗಾಢನಿದ್ರೆ ಬರುತ್ತದೆ. ಈ ವಿಷಯವನ್ನು ನಾನು ಶಿಂದೆ ಸರ್‌ಗೆ ಹೇಳಲು ತಿರುಗಿದೆ. ಅವರು ನಿದ್ರೆಯಲ್ಲಿದ್ದರು.

ಕ್ಯಾಂಡಿ, ಮೈದಾನ

ಕ್ಯಾಂಡಿ ಬೆಟ್ಟಗಳ ನಡುವಿನ ಊರು. ಮೈದಾನ ಒಂದು ಕಡೆ ಇಳಿಜಾರು. ಇಳಿಜಾರಿನ ಕಡೆ ಆಡುವವರಿಗೆ ದೇವರ ಸಹಾಯ, ಏರಿನ ಕಡೆ ಆಡುವವರಿಗೆ ಏದುಸಿರು. ಮೊದಲ ಪಂದ್ಯದಲ್ಲಿ ಢಾಕಾದವರ ಜೊತೆ ಸಮ ಮಾಡಿಕೊಂಡೆವು. ಎರಡನೆಯದು ಕ್ಯಾಂಡಿಯವರ ಜೊತೆ.

ಕ್ಯಾಂಡಿಯವರಲ್ಲಿ ದಿಲಿನಿ ಎಂಬ ಹುಡುಗಿ ಇದ್ದಳು. ಗುಬ್ಬಿಯಂಥ ಮೈ, ಆದರೆ ಚೆಂಡು ಸಿಕ್ಕರೆ ಯಾರ ಕೈಗೂ ಸಿಗದ ಓಟ. ಮೊದಲರ್ಧದಲ್ಲಿ ನಮ್ಮ ರೇಣುಕಾಳನ್ನು ಅವಳು ಪದೇಪದೇ ದಾಟಿ ಹೋದಳು. ಪ್ರತಿ ಸಲವೂ ಅಲ್ಲಿನ ಹುಡುಗರು ಕೇಕೆ ಹಾಕುತ್ತಿದ್ದರು. ರೇಣುಕಾಳ ಮುಖ ಕೆಂಪೇರುವುದು ನನಗೆ ದೂರದಿಂದಲೂ ಕಾಣುತ್ತಿತ್ತು. ಭೀಮಣ್ಣ ಹೇಳಿದ್ದು ನೆನಪಾಗಿ, ಮೈದಾನದಂಚಿನ ಹಗ್ಗದ ಹತ್ತಿರ ಹೋಗಿ, "ರೇಣುಕಾ, ಸಮಾಧಾನ!" ಎಂದು ಕೂಗಿದೆ. ಅವಳು ಕೈ ಎತ್ತಿ ಕೇಳಿಸಿತು ಎಂದಳು. ಕೇಳಿಸಿದ್ದಷ್ಟೇ ಆಯಿತು.

ಆಟ ಮುಗಿಯುವ ಹೊತ್ತಿಗೆ ಎರಡೂ ಕಡೆ ಒಂದೊಂದು ಗೋಲ್. ದಿಲಿನಿ ಇಳಿಜಾರಿನಲ್ಲಿ ಚೆಂಡು ಹಿಡಿದು ಓಡಿ ಬಂದಳು. ಎದುರಿಗೆ ಗೋಲ್‌ಕೀಪರ್ ಬಿಟ್ಟರೆ ಯಾರೂ ಇಲ್ಲ. ಪಕ್ಕದಿಂದ ರೇಣುಕಾ ಓಡಿ ಬಂದು, ಎರಡೂ ಕಾಲು ಮುಂದೆ ಚಾಚಿ, ಒದ್ದೆ ಹುಲ್ಲಿನ ಮೇಲೆ ಜಾರುಬಂಡಿಯ ಹಾಗೆ ಜಾರಿದಳು. ಚೆಂಡು ಅಷ್ಟು ಹೊತ್ತಿಗೆ ಮುಂದೆ ಹೋಗಿತ್ತು. ದಿಲಿನಿಯ ಕಾಲು ಹೋಗಿರಲಿಲ್ಲ.

ಆ ಸದ್ದು ನಾನು ನಿಂತ ಜಾಗಕ್ಕೂ ಕೇಳಿಸಿತು. ಒಣ ಕಟ್ಟಿಗೆ ಮುರಿದ ಹಾಗೆ.

ರೆಫರಿ ಒಬ್ಬ ನರೆತ ತಲೆಯ ಮುದುಕರು, ತುರೈರಾಜಾ ಎಂದು ಹೆಸರು. ನಡೆದುಕೊಂಡೇ ಬಂದರು, ಕೆಂಪು ಕಾರ್ಡು ತೆಗೆದರು. ರೇಣುಕಾ ಮೈದಾನದಿಂದ ಹೊರಗೆ ಬಂದು ನನ್ನ ಪಕ್ಕ ಕುಳಿತಳು. ಸ್ಟ್ರೆಚರಿನ ಮೇಲೆ ದಿಲಿನಿಯನ್ನು ನಮ್ಮ ಮುಂದಿನಿಂದಲೇ ಒಯ್ದರು. ಅವಳು ಅಳುತ್ತಿರಲಿಲ್ಲ. ಹಲ್ಲು ಕಚ್ಚಿ ಆಕಾಶ ನೋಡುತ್ತಿದ್ದಳು. ಅತ್ತಿದ್ದರೆ ನಮಗೆ ಸುಲಭವಾಗುತ್ತಿತ್ತು.

"ಮುರೀತೇನ್ರಿ ಮೇಡಂ?" ಎಂದು ರೇಣುಕಾ ಕೇಳಿದಳು.

"ಮುರದಂಗ ಕಾಣ್ತದವಾ."

ಅವಳು ಬೂಟಿನ ದಾರ ಬಿಚ್ಚುವುದು, ಕಟ್ಟುವುದು, ಬಿಚ್ಚುವುದು, ಇದನ್ನೇ ಮಾಡುತ್ತ ಕುಳಿತಳು.

ಕ್ಯಾಂಡಿ, ಚಹಾದ ಸಭೆ

ಸಂಜೆ ಶಿಸ್ತು ಸಮಿತಿ ಸೇರಿತು. ತಂಡದ ಮ್ಯಾನೇಜರುಗಳು ಅದರ ಸದಸ್ಯರು ಎಂದು ನನಗೆ ಆಗಲೇ ತಿಳಿದದ್ದು. ಕಾಠ್ಮಂಡುವಿನ ಮ್ಯಾನೇಜರ್ ಹೊಟ್ಟೆ ಕೆಟ್ಟು ಮಲಗಿದ್ದರು. ಹಾಗಾಗಿ ಮೇಜಿನ ಸುತ್ತ ನಾವು ನಾಲ್ವರು: ಕ್ಯಾಂಡಿ ಕಾಲೇಜಿನ ಪ್ರಿನ್ಸಿಪಾಲರಾದ ವೀರಕೋನ್, ಢಾಕಾ ತಂಡದ ಶಾಹಿದಾ ಬೇಗಂ, ರೆಫರಿ ತುರೈರಾಜಾ ಮತ್ತು ನಾನು. ನಮ್ಮ ಹುಡುಗಿಯ ವಿಷಯವಾದ್ದರಿಂದ ನನಗೆ ಮತವಿಲ್ಲ, ಚಹಾ ಇದೆ ಎಂದರು.

ಚಹಾದ ಜೊತೆ ಬನ್ನು ಬಂತು. ಒಳಗೆ ಮೀನು ಇತ್ತು. ನಾನು ಚಹಾವನ್ನಷ್ಟೇ ಉಳಿಸಿಕೊಂಡೆ.

ವೀರಕೋನ್ ಬಹಳ ಸೌಜನ್ಯದ ಮನುಷ್ಯ. ಅಷ್ಟೇ ಸೌಜನ್ಯದಿಂದ ರೇಣುಕಾಳನ್ನು ಎರಡು ವರ್ಷ ಎಲ್ಲ ಆಟದಿಂದ ಹೊರಗಿಡಬೇಕೆಂದು ನಮ್ಮ ವಿಶ್ವವಿದ್ಯಾಲಯಕ್ಕೆ ಬರೆಯೋಣ ಎಂದರು. "ಮುರಿದದ್ದು ನನ್ನ ವಿದ್ಯಾರ್ಥಿನಿಯ ಕಾಲು. ಅವಳ ತಾಯಿಗೆ ನಾನು ಏನು ಹೇಳಲಿ?"

ಶಾಹಿದಾ ಬೇಗಂ ಇನ್ನೂ ಮುಂದೆ ಹೋದರು. "ಒಬ್ಬಳಿಗೆ ಯಾಕೆ? ಇಡೀ ಪುಣೆ ತಂಡವನ್ನೇ ಮನೆಗೆ ಕಳಿಸಬೇಕು. ಶಿಸ್ತು ಎಂದರೆ ಶಿಸ್ತು." ನಾವು ಮನೆಗೆ ಹೋದರೆ ಢಾಕಾ ತಾನಾಗಿಯೇ ಫೈನಲ್ ತಲುಪುತ್ತಿತ್ತು. ಶಿಸ್ತಿಗೂ ಫೈನಲ್ಲಿಗೂ ಸಂಬಂಧವಿದೆಯೆಂದು ಅಂದು ತಿಳಿದೆ.

ತುರೈರಾಜಾ ಬನ್ನು ಮುಗಿಸಿ ಕೈ ಒರೆಸಿಕೊಂಡರು. "ಕಾರ್ಡು ತೋರಿಸಿದ್ದೇನೆ. ಆಟದ ಶಿಕ್ಷೆ ಮುಗಿಯಿತು. ಅದಕ್ಕಿಂತ ಹೆಚ್ಚು ಕೊಡುವುದಾದರೆ ಹುಡುಗಿಯ ಮನಸ್ಸಿನಲ್ಲಿ ಏನಿತ್ತು ಎಂದು ಗೊತ್ತಾಗಬೇಕು. ಅವಳನ್ನೇ ಕೇಳೋಣ."

ರೇಣುಕಾಳನ್ನು ಕರೆಸಿದರು. ಅವಳ ಇಂಗ್ಲಿಷ್ ಇಂಥ ಮಾತಿಗೆ ಸಾಲದು. ಅನುವಾದ ನಾನೇ ಮಾಡುತ್ತೇನೆ ಎಂದೆ. ಅವಳು ಹಿಂದಿಯಲ್ಲಿ ಶುರು ಮಾಡಿದಳು. ಶಾಹಿದಾ ಬೇಗಂ ಕಿವಿ ನಿಮಿರಿಸಿದ್ದು ಕಂಡಿತು. ಟೀವಿ ನೋಡಿ ನೋಡಿ ಢಾಕಾದವರಿಗೆ ಹಿಂದಿ ಚೆನ್ನಾಗಿ ಬರುತ್ತದೆ. ನಾನು ಜಾಣೆ. ತಡೆದೆ.

"ಹಿಂದಿ ಬ್ಯಾಡ. ಕನ್ನಡದಾಗ ಹೇಳು. ಬೇಕಂತ ಹೊಡದೇನು?"

ರೇಣುಕಾ ಮೇಜಿನ ಅಂಚು ಹಿಡಿದುಕೊಂಡಳು. "ಕಾಲ್ ಮುರೀಬೇಕಂತ ಹೋಗಿಲ್ರಿ ಮೇಡಂ, ನಮ್ಮವ್ವನ ಆಣಿ. ಆದ್ರ ಚೆಂಡ ಸಿಗಂಗಿಲ್ಲಂತ ನನಗ ಗೊತ್ತಿತ್ತು. ಆಕಿನ್ನ ಕೆಡವಬೇಕಂತನ ಹೋದೆ. ಬಿಟ್ರ ಗೋಲ್ ಆಗತಿತ್ತು."

ನನ್ನ ಕಣ್ಣಮುಂದೆ ದೌಂಡ ನಿಲ್ದಾಣದ ಭೀಮಣ್ಣ ಬಂದ. ಒಂದು ಗುಟುಕು ಚಹಾ ಕುಡಿದು, ಇಂಗ್ಲಿಷಿನಲ್ಲಿ ಹೇಳಿದೆ: "ಕಾಲು ಮುರಿಯುವ ಉದ್ದೇಶ ತನಗೆ ಖಂಡಿತ ಇರಲಿಲ್ಲ ಎಂದು ತಾಯಿಯ ಮೇಲೆ ಆಣೆಯಿಟ್ಟು ಹೇಳುತ್ತಿದ್ದಾಳೆ."

ತುರೈರಾಜಾ ನನ್ನನ್ನು ನೋಡಿದರು. ತುಟಿಯ ಮೂಲೆಯಲ್ಲಿ ಸಣ್ಣ ನಗು.

"ಮೇಡಂ, ನಾನು ತಮಿಳನು. ನಮ್ಮಲ್ಲೂ ಕಾಲು ಅಂದರೆ ಕಾಲೇ. ಮುರಿ ಅಂದರೆ ಮುರಿಯೇ. ಕಾಲು ಕೊಟ್ಟಿರಿ, ಮುರಿಯುವುದನ್ನೂ ಕೊಟ್ಟಿರಿ. ಕೊನೆಯಲ್ಲಿ ಅವಳು ಗೋಲ್ ಎಂದಳು. ಗೋಲ್ ಎಲ್ಲಿ ಹೋಯಿತು?"

"ಹೌದು, ಗೋಲ್ ನನಗೂ ಕೇಳಿಸಿತು," ಎಂದರು ವೀರಕೋನ್.

"ನನಗೂ," ಎಂದರು ಶಾಹಿದಾ ಬೇಗಂ.

ಕನ್ನಡಕ್ಕೂ ತಮಿಳಿಗೂ ನಂಟಿದೆ ಎಂದು ಚಿಕ್ಕವರಿದ್ದಾಗ ಶಾಲೆಯಲ್ಲಿ ಉರು ಹೊಡೆಸಿದ್ದರು. ಅದು ಕೆಲಸಕ್ಕೆ ಬಂದದ್ದು ಇಲ್ಲಿ, ಅದೂ ನನ್ನ ವಿರುದ್ಧ. ಬೇರೆ ದಾರಿಯಿಲ್ಲದೆ ಉಳಿದದ್ದನ್ನೂ ಹೇಳಿದೆ: ಚೆಂಡು ಸಿಗುವುದಿಲ್ಲವೆಂದು ಗೊತ್ತಿತ್ತು, ಹುಡುಗಿಯನ್ನು ಬೀಳಿಸಲೆಂದೇ ಹೋದಳು, ಬಿಟ್ಟಿದ್ದರೆ ಗೋಲ್ ಆಗುತ್ತಿತ್ತು. ಹೇಳುವಾಗ ರೇಣುಕಾ ನನ್ನ ಮುಖ ನೋಡುತ್ತಿದ್ದಳು. ಮೊದಲ ಸಲ ನಾನು ಎಲ್ಲ ಹೇಳಲಿಲ್ಲವೆಂದು ಅವಳಿಗೆ ಆಗ ತಿಳಿಯಿತು.

"ಯಾಕ್ರಿ ಮೇಡಂ, ಪೂರಾ ಹೇಳಿದ್ದಿಲ್ಲೇನು?" ಎಂದಳು, ಮುನಿಸಿನಿಂದ.

ಅದರ ಅನುವಾದವನ್ನು ಯಾರೂ ಕೇಳಲಿಲ್ಲ.

"ಅವಳೇ ಒಪ್ಪಿಕೊಂಡಳಲ್ಲ! ಎರಡು ವರ್ಷ," ಎಂದರು ವೀರಕೋನ್.

"ಅವಳೇ ಒಪ್ಪಿಕೊಂಡಳಲ್ಲ! ಅದಕ್ಕೇ ಕಡಿಮೆ ಮಾಡಬೇಕು," ಎಂದರು ತುರೈರಾಜಾ.

"ನಿಜ ಹೇಳಿದರೆ ಶಿಕ್ಷೆ ಕಡಿಮೆ ಎಂದು ಗೊತ್ತಾದರೆ ಎಲ್ಲರೂ ನಿಜ ಹೇಳಲು ಶುರು ಮಾಡುತ್ತಾರೆ," ಎಂದು ಶಾಹಿದಾ ಬೇಗಂ ಎಚ್ಚರಿಸಿದರು. ಈ ಅಪಾಯದ ಬಗ್ಗೆ ಬಹಳ ಹೊತ್ತು ಚರ್ಚೆಯಾಯಿತು. ನಡುವೆ, ಗೋಲ್ ತಡೆಯಲು ಕೆಡವಿದ್ದು ಸ್ವಾರ್ಥವೋ ತಂಡದ ಸೇವೆಯೋ ಎಂದು ಒಂದು ಕವಲು ಒಡೆಯಿತು. ಇನ್ನೊಂದು ಸುತ್ತು ಚಹಾ ಬಂತು. ಕೊನೆಗೆ ತುರೈರಾಜಾ, "ಎರಡು ವರ್ಷವೋ ಎರಡು ದಿನವೋ, ಮುರಿಸಿಕೊಂಡವಳು ಏನನ್ನುತ್ತಾಳೆ ಎಂದು ನಾವ್ಯಾರೂ ಕೇಳಲೇ ಇಲ್ಲವಲ್ಲ" ಎಂದರು. ಸಭೆ ಮರುದಿನಕ್ಕೆ ಮುಂದೆ ಹೋಯಿತು. ಬೆಳಿಗ್ಗೆ ಆಸ್ಪತ್ರೆಗೆ ನಾನು ಮತ್ತು ತುರೈರಾಜಾ ಹೋಗುವುದೆಂದು ತೀರ್ಮಾನವಾಯಿತು. ರೇಣುಕಾ ತಾನೂ ಬರುತ್ತೇನೆಂದು ಹಟ ಹಿಡಿದಳು.

ಕ್ಯಾಂಡಿ, ಆಸ್ಪತ್ರೆ

ಹಾಸಿಗೆಯ ಮೇಲೆ ದಿಲಿನಿ, ಕಾಲಿಗೆ ಮೊಣಕಾಲಿನವರೆಗೆ ಬಿಳಿ ಪ್ಲಾಸ್ಟರು. ಪಕ್ಕದಲ್ಲಿ ಅವಳ ತಾಯಿ. ನಾವು ಯಾರೆಂದು ತುರೈರಾಜಾ ಸಿಂಹಳದಲ್ಲಿ ಹೇಳಿದ ಕೂಡಲೇ ಆ ತಾಯಿ ರೇಣುಕಾಳನ್ನು ನೋಡಿದ ನೋಟವನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ಹಾಗೆ ನೋಡಿಯೇ, ಎದ್ದು, ನಮಗೆ ಕುರ್ಚಿ ಹಾಕಿದರು. ಈ ವಿಷಯದಲ್ಲಿ ಅವರ ದೇಶವೂ ನಮ್ಮದೂ ಒಂದೇ: ಎಷ್ಟೇ ಸಿಟ್ಟಿದ್ದರೂ ಬಂದವರು ನಿಂತಿರಬಾರದು.

ದಿಲಿನಿ ಗೋಡೆಯ ಕಡೆ ಮುಖ ಮಾಡಿದಳು. ರೇಣುಕಾ ಇಂಗ್ಲಿಷಿನಲ್ಲಿ ಸಾರಿ ಎಂದಳು. ನಾನು ಬ್ಯಾಗಿನಿಂದ ಬಾಕರವಡಿ ಪೊಟ್ಟಣ ತೆಗೆದು ಹಾಸಿಗೆಯ ಮೇಲಿಟ್ಟೆ. ನನ್ನ ಮಿಕ್ಕ ದಿನಗಳ ಊಟ ಅದು. ಬೇರೇನು ಮಾಡಬೇಕೆಂದು ಹೊಳೆಯಲಿಲ್ಲ.

ದಿಲಿನಿ ಗೋಡೆಗೇ ಹೇಳಿದಳು, ಚೊಕ್ಕ ಇಂಗ್ಲಿಷಿನಲ್ಲಿ: "ಎರಡೂ ಕಾಲು ಯಾಕೆ ಹಾಕಿದೆ ಅಂತ ಅವಳನ್ನು ಕೇಳಿ. ಒಂದನ್ನು ಮಡಚಬೇಕು ಅಂತ ಯಾರೂ ಕಲಿಸಲಿಲ್ಲವಾ?"

ಕೇಳಿದೆ. ಈ ಸಲ ಒಂದು ಶಬ್ದವನ್ನೂ ಬಿಡಲಿಲ್ಲ.

"ಒಂದು ಮಡಚಿದ್ರ ಮುಟ್ಟಾಕ ಆಗತಿದ್ದಿಲ್ರಿ," ಎಂದಳು ರೇಣುಕಾ. "ಆಕಿ ಓಟ ನೋಡೀರಿಲ್ಲ? ಗಾಳಿ ಅದಾಳ. ಅಂಥಾಕಿನ್ನ ಒಂದ ಕಾಲಿಲೆ ಯಾರ್ ಹಿಡೀತಾರ್ರಿ?"

ಅನುವಾದ ಮಾಡಿದೆ. ದಿಲಿನಿ ಮುಖ ಇತ್ತ ತಿರುಗಿಸಿದಳು. ನಕ್ಕಳು ಎಂದು ಬರೆಯಲು ನನಗೂ ಆಸೆ, ಆದರೆ ನಗಲಿಲ್ಲ. "ಅಷ್ಟು ತಡವಾಗಿ ಹೊರಟರೆ ಯಾವ ಕಾಲಿಗೂ ಸಿಗುವುದಿಲ್ಲ. ಅವಳು ಮೊದಲೇ ಹೊರಡಬೇಕಿತ್ತು."

"ಮೊದಲ ಹೆಂಗ ಹೊಂಡಲಿ? ಆಕಿ ಈ ಕಡೀಂದ ಬಂದ್ಲು!"

"ಆ ಕಡೆಯಿಂದ ಬಂದೆ!"

ಇಬ್ಬರೂ ಕೈ ಬೀಸತೊಡಗಿದರು. ನನ್ನ ಅನುವಾದ ಹಿಂದೆ ಬಿತ್ತು. ಕೊನೆಗೆ ರೇಣುಕಾ ತಾಳ್ಮೆಗೆಟ್ಟು ಪೊಟ್ಟಣ ಒಡೆದು, ಹಾಸಿಗೆಯ ಮೇಲೆ ಬಾಕರವಡಿಗಳನ್ನು ಆಟಗಾರರಂತೆ ನಿಲ್ಲಿಸಿದಳು. ಇದು ನಾನು, ಇದು ನೀ, ಇದು ನಮ್ಮ ಗೋಲ್‌ಕೀಪರ್. ದಿಲಿನಿ ಒಂದು ಮಾತ್ರೆಯನ್ನು ಚೆಂಡಾಗಿ ಇಟ್ಟಳು. ನಂತರ ನಡೆದದ್ದು ಭಾಷೆಯಿಲ್ಲದ ವಾದ. ಬಾಕರವಡಿ ಸರಿಸುವುದು, ಇನ್ನೊಬ್ಬಳು ಅದನ್ನು ಹಿಂದಕ್ಕೆ ಇಡುವುದು. ತುರೈರಾಜಾ ಕನ್ನಡಕ ಏರಿಸಿಕೊಂಡು ಬಾಗಿ ನೋಡುತ್ತ, "ಇಲ್ಲ, ಇನ್ನೂ ಸ್ವಲ್ಪ ಎಡಕ್ಕೆ" ಎಂದು ಎರಡೂ ಕಡೆಗೆ ಹೇಳುತ್ತಿದ್ದರು. ಈ ಗದ್ದಲದಲ್ಲಿ ದಿಲಿನಿಯ ತಾಯಿ ನಮ್ಮ ಗೋಲ್‌ಕೀಪರನ್ನು ಎತ್ತಿ ಬಾಯಿಗೆ ಹಾಕಿಕೊಂಡರು. ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದರು.

ಎಲ್ಲ ತಣ್ಣಗಾದ ಮೇಲೆ ತುರೈರಾಜಾ ದಿಲಿನಿಯನ್ನು ಕೇಳಿದರು. "ಸಮಿತಿ ಎರಡು ವರ್ಷ ಅನ್ನುತ್ತಿದೆ. ನೀನು ಏನನ್ನುತ್ತೀ?"

"ಎರಡು ವರ್ಷವಾ?" ದಿಲಿನಿ ಹುಬ್ಬು ಗಂಟಿಕ್ಕಿದಳು. "ನನ್ನ ಕಾಲು ಕೂಡಿಕೊಳ್ಳುವ ಹೊತ್ತಿಗೆ ಅವಳು ಎಲ್ಲಿರುತ್ತಾಳೆ? ನಾನು ಯಾರನ್ನು ದಾಟಿ ಗೋಲ್ ಹಾಕಲಿ? ಎರಡು ಮ್ಯಾಚು ಕೂರಿಸಿ. ಆದರೆ ನಡೆದದ್ದನ್ನು ನಡೆದ ಹಾಗೇ ಅವಳ ಊರಿಗೆ ಬರೆದು ಕಳಿಸಿ. ಆಟದಲ್ಲಿ ತಾನಾಗಿ ತಾಗಿತು ಅಂತ ಬರೆದರೆ ಮಾತ್ರ ನಾನು ಒಪ್ಪುವುದಿಲ್ಲ."

ನಾನು ಅನುವಾದ ಮಾಡಿ, "ಹಂಗ ಬರದ್ರ ರೇಲ್ವೇದವ್ರು ಕರೀಲಿಕ್ಕಿಲ್ಲ, ಗೊತ್ತದಿಲ್ಲೋ?" ಎಂದು ರೇಣುಕಾಳಿಗೆ ನನ್ನದನ್ನೂ ಸೇರಿಸಿದೆ.

ಅವಳು ಪ್ಲಾಸ್ಟರನ್ನೇ ನೋಡುತ್ತಿದ್ದಳು. "ಬರೀಲಿ ಬಿಡ್ರಿ. ಆಕಿ ಕಾಲಿನ ಮಾತದು."

ಕ್ಯಾಂಡಿ, ಕೊನೆಯ ದಿನ

ದಿಲಿನಿಯ ಮಾತೇ ಶಿಕ್ಷೆಯಾಯಿತು. ವೀರಕೋನ್ ಒಲ್ಲದ ಮನಸ್ಸಿನಿಂದ ಒಪ್ಪಿದರು. ಶಾಹಿದಾ ಬೇಗಂ ಒಪ್ಪಲಿಲ್ಲ, ಆದರೆ ರೇಣುಕಾ ಇಲ್ಲದ ನಮ್ಮ ತಂಡವನ್ನು ಕಾಠ್ಮಂಡು ಹುಡುಗಿಯರು ಚಿಂದಿ ಮಾಡಿದ್ದನ್ನು ನೋಡಿದ ಮೇಲೆ ಅವರಿಗೂ ಸಮಾಧಾನವಾಯಿತು. ಢಾಕಾ ಫೈನಲ್ ತಲುಪಿತು, ನಾವು ಮೂರನೆಯ ಸ್ಥಾನದ ಪಂದ್ಯವನ್ನೂ ಸೋತು ಕೊನೆಯ ಸ್ಥಾನ. ಕೊನೆಯ ಸ್ಥಾನಕ್ಕೂ ಒಂದು ಪ್ರಮಾಣಪತ್ರ ಕೊಟ್ಟರು, ಬಹಳ ಸೌಜನ್ಯ.

ಮುಂದಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ವರದಿ ಪುಣೆಗೆ ಬಂತು, ನಡೆದದ್ದು ನಡೆದ ಹಾಗೇ ಇತ್ತು. ಕೊನೆಯಲ್ಲಿ, ಹುಡುಗಿ ಕೇಳಿದ್ದಕ್ಕೆ ನಿಜ ಹೇಳಿದಳು ಎಂಬ ಸಾಲೊಂದನ್ನು ತುರೈರಾಜಾ ಸೇರಿಸಿದ್ದರು. ರೈಲ್ವೆಯವರು ಆ ವರ್ಷ ರೇಣುಕಾಳನ್ನು ಕರೆಯಲಿಲ್ಲ. ಭೀಮಣ್ಣ ನನ್ನ ಮೇಲೆ ಮುನಿಸಿಕೊಂಡು ಫೋನು ಮಾಡುವುದನ್ನೇ ಬಿಟ್ಟ. ಮರುವರ್ಷ ಕರೆದರು. ಆಯ್ಕೆ ಮಾಡುವ ಸಾಹೇಬರು, "ಪರದೇಶದಲ್ಲಿ ಕಾಲು ಮುರಿದವಳು ನೀನೇ ಏನು?" ಎಂದು ಕೇಳಿದರಂತೆ. ಹೌದೆಂದು ಒಪ್ಪಿ, ಯಾವ ಕಾಲು ಮಡಚಬೇಕಿತ್ತೆಂದು ಅಲ್ಲೇ ಮಾಡಿ ತೋರಿಸಿದಳಂತೆ. ಈಗ ಅವಳು ರೈಲ್ವೆ ನೌಕರಿಯಲ್ಲಿದ್ದಾಳೆ. ಟಿಕೆಟ್ ಇಲ್ಲದವರು ಅವಳನ್ನು ದಾಟಿ ಓಡಲು ಯೋಚಿಸಬೇಕು.

ಹೊರಡುವ ಬೆಳಿಗ್ಗೆ ಬಸ್ಸು ತಯಾರಾಗಿ ನಿಂತಿತ್ತು. ರೇಣುಕಾ, "ಆಸ್ಪತ್ರಿ ಕಡೀಂದ ಹೋಗೋಣ್ರಿ ಮೇಡಂ" ಎಂದಳು. ಎರಡು ಮ್ಯಾಚು ಸುಮ್ಮನೆ ಕೂತ ದಿನಗಳಲ್ಲಿ ಅವಳು ವಸತಿಗೃಹದ ಹಿತ್ತಲಿನಲ್ಲಿ ಏನು ಮಾಡುತ್ತಿದ್ದಳೆಂದು ನಾನು ನೋಡಿದ್ದೆ. ಒಂದು ಕಾಲು ಮಡಚಿ, ಇನ್ನೊಂದನ್ನು ನೆಲಕ್ಕಂಟಿಸಿ ಚಾಚಿ, ಹುಲ್ಲಿನ ಮೇಲೆ ಜಾರುವುದು, ಏಳುವುದು, ಮತ್ತೆ ಜಾರುವುದು. ತೊಡೆಯ ಚರ್ಮ ಕಿತ್ತುಹೋಗಿತ್ತು. ಅದನ್ನು ದಿಲಿನಿಗೆ ತೋರಿಸದೆ ಅವಳು ಲಂಕೆ ಬಿಡುವಂತಿರಲಿಲ್ಲ.

ಆಸ್ಪತ್ರೆಯ ಮುಂದೆ ಒಂದು ಸಣ್ಣ ಹುಲ್ಲುಹಾಸು, ಅದರಂಚಿಗೆ ಬಣ್ಣದೆಲೆಯ ಗಿಡಗಳ ಬೇಲಿ. ದಾದಿಯೊಬ್ಬಳು ದಿಲಿನಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಜಗಲಿಗೆ ತಂದಳು. ತಾಯಿಯೂ ಬಂದರು. ಕೈಗೆ ಪಟ್ಟಿ ಕಟ್ಟಿಕೊಂಡವರು, ತಲೆಗೆ ಕಟ್ಟಿಕೊಂಡವರು ಒಬ್ಬೊಬ್ಬರೇ ಕಂಬ ಹಿಡಿದು ನಿಂತರು. ಚೆಂಡು ತೆಗೆದುಕೊಂಡು ಓಡಿ ಬರುವ ದಿಲಿನಿಯ ಪಾತ್ರ ಶಿಂದೆ ಸರ್‌ಗೆ ಬಂತು. "ಮೀ? ಮೀ ಕಾ?" ಎಂದು, ನಾನೇ ಯಾಕೆ ಎಂಬಂತೆ, ಅವರು ಸುತ್ತಮುತ್ತ ನೋಡಿದರು. ಬೇರೆ ಯಾರೂ ಮುಂದೆ ಬರಲಿಲ್ಲ.

ಶಿಂದೆ ಸರ್ ತಮ್ಮ ವಯಸ್ಸಿಗೆ ತಕ್ಕಂತೆ ಓಡಿ ಬಂದರು. ರೇಣುಕಾ ಪಕ್ಕದಿಂದ ಹೊರಟಳು, ಈ ಸಲ ಬೇಗನೆ. ಎಡಗಾಲು ಮಡಚಿತು, ಬಲಗಾಲು ಹುಲ್ಲನ್ನು ನೇವರಿಸಿಕೊಂಡು ಹೋಗಿ ಚೆಂಡನ್ನು ಬೆಣ್ಣೆಯ ಹಾಗೆ ತೆಗೆದುಕೊಂಡು ಹೋಯಿತು. ಫುಟ್‌ಬಾಲ್ ಗೊತ್ತಿಲ್ಲದ ನಾನೂ ಯಾರನ್ನೂ ಕೇಳದೆ ಚಪ್ಪಾಳೆ ತಟ್ಟಿದೆ. ಆದರೆ ಚೆಂಡು ಹೋದದ್ದು ಶಿಂದೆ ಸರ್‌ಗೆ ತಿಳಿಯಲು ಸ್ವಲ್ಪ ತಡವಾಯಿತು. ಅವರು ಇಲ್ಲದ ಚೆಂಡನ್ನು ಒದೆಯಲು ಹೋಗಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಗಿಡಗಳ ಬೇಲಿಯೊಳಗೆ ಬಿದ್ದರು.

"ಫೌಲ್!" ಎಂದು ಜಗಲಿಯಿಂದ ದಿಲಿನಿ ಕಿರುಚಿದಳು.

"ಎಲ್ಲಿ ಫೌಲ್? ಚೆಂಡ ಮೊದಲ ಮುಟ್ಟೀನಿ! ಹೇಳ್ರಿ ಮೇಡಂ ಆಕೀಗೆ!"

ಹೇಳಿದೆ. ದಿಲಿನಿ ಒಪ್ಪಲಿಲ್ಲ, ಹಿಂದಿನ ಕಾಲು ತಾಗಿತು ಎಂದಳು. ದಾದಿ ತಾಗಲಿಲ್ಲ ಎಂದಳು. ತಲೆಗೆ ಪಟ್ಟಿ ಕಟ್ಟಿದವನು ತಾಗಿತು ಎಂದ. ಹಾರನ್ ಹೊಡೆದು ಸಾಕಾಗಿ ನಮ್ಮನ್ನು ಕರೆಯಲು ಬಂದ ಬಸ್ಸಿನ ಚಾಲಕ, ತಾನು ರಸ್ತೆಯಿಂದಲೇ ಎಲ್ಲ ನೋಡಿದ್ದೇನೆಂದು ನಡುವೆ ನಿಂತ. ದಿಲಿನಿಯ ತಾಯಿ ಸಿಂಹಳದಲ್ಲಿ ಉದ್ದಕ್ಕೆ ಏನೋ ತೀರ್ಪು ಕೊಟ್ಟರು. ಅದು ಯಾರ ಪರವಾಗಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಎಲ್ಲರೂ ನನ್ನ ಕಡೆ ತಿರುಗಿ ಅನುವಾದ ಕೇಳುತ್ತಿದ್ದರು.

ಆಗ ಬೇಲಿಯೊಳಗಿಂದ ಕ್ಷೀಣವಾಗಿ ಮರಾಠಿ ಕೇಳಿಸಿತು. "ಅರೇ, ಕೋಣೀತರೀ ಮಲಾ ಉಚಲಾ ರೇ..."

ಯಾರಾದರೂ ನನ್ನನ್ನು ಎತ್ತಿರೋ ಎಂದು ಶಿಂದೆ ಸರ್ ಕೇಳಿಕೊಳ್ಳುತ್ತಿದ್ದರು. ವಾದ ಅರ್ಧಕ್ಕೆ ಬಿಟ್ಟು ಗಿಡಗಳೊಳಗೆ ಮೊದಲು ನುಗ್ಗಿದವಳು ರೇಣುಕಾ. ಎರಡೂ ಕೈ ಕೊಟ್ಟು ಅವರನ್ನು ಎಬ್ಬಿಸಿದಳು, ಮೈಗಂಟಿದ ಎಲೆ ಕೊಡವಿದಳು, ಬಗ್ಗಿ ಅವರ ಕಾಲನ್ನು ಮೇಲಿಂದ ಕೆಳಗಿನವರೆಗೆ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಜಗಲಿಯ ಕಡೆ ತಿರುಗಿ, ದಿಲಿನಿಗೆ ಕಾಣುವಂತೆ, ಏನೂ ಆಗಿಲ್ಲವೆಂದು ಕೈಯಾಡಿಸಿದಳು.

ದಿಲಿನಿ ನಕ್ಕದ್ದು ಆಗ.